ಸ್ಯಾಂಡ್‌ವಿಚ್ ಕೊಡಬೇಡಿ

ಮಂಗಳವಾರ ಬೆಳಗಿನ ಸಭೆಗೆ ಯಾರೋ ಕೇಕು ತಂದಿದ್ದರು. ಬಿಳಿ ಕೆನೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದೊಂದು ಸೊನ್ನೆ. ಕ್ಲೀವ್‌ಲ್ಯಾಂಡಿನ ಆ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಸೊನ್ನೆಗೆ ಅಷ್ಟೊಂದು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಆ ಸೊನ್ನೆಯ ಒಡತಿ ಮಾರ್ವಾ ಎಲ್ಡ್ರಿಜ್. ಇಪ್ಪತ್ತೆರಡು ವರ್ಷ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸಾಗಿ ನಿಂತು ನಿಂತು ಮಂಡಿ ಸವೆಸಿಕೊಂಡ ಮೇಲೆ ಅವಳನ್ನು ಮೇಲಿನ ಮಹಡಿಯ ಕುರ್ಚಿಗೆ ಹಾಕಿದ್ದರು. ವರ್ಷಕ್ಕೆ ಹನ್ನೆರಡಕ್ಕಿಂತ ಹೆಚ್ಚು ಸಲ ತುರ್ತು ವಿಭಾಗಕ್ಕೆ ಬರುವವರ ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರಿಗೂ ಒಂದು ಆರೈಕೆ ಯೋಜನೆ ಬರೆಯುವುದು ಅಲ್ಲಿ ಅವಳ ಕೆಲಸ. ಆ ರೋಗಿ ಬಂದು ಹೆಸರು ಹೇಳಿದ ಕೂಡಲೇ ಕಂಪ್ಯೂಟರಿನ ಪರದೆಯ ಮೇಲೆ ಹಳದಿ ಪಟ್ಟಿಯೊಂದು ಮೂಡುತ್ತದೆ. ಏನು ಮಾಡಬೇಕು, ಏನು ಮಾಡಬಾರದು ಎಂದು ಅದರಲ್ಲಿರುತ್ತದೆ. ಕೆಳಗಿನ ವಿಭಾಗದವರು ಇಂಥ ರೋಗಿಗಳನ್ನು ‘ಖಾಯಂ ಗಿರಾಕಿಗಳು’ ಎನ್ನುತ್ತಿದ್ದರು. ಹಾಗನ್ನಬೇಡಿ ಎಂದು ಮಾರ್ವಾ ಗದರುತ್ತಿದ್ದಳು. ತಾನೂ ಒಮ್ಮೊಮ್ಮೆ ಅನ್ನುತ್ತಿದ್ದಳು.

ಯೋಜನೆಯ ಮುಖ್ಯಸ್ಥ ಡಾಕ್ಟರ್ ಕೀಗನ್ ಗೋಡೆಯ ಮೇಲೆ ನಕ್ಷೆ ಬೆಳಗಿಸಿದ. "ಬರ್ನಡೀನ್ ಹ್ರುಷ್ಕಾ. ಅರವತ್ತೊಂಬತ್ತು ವರ್ಷ, ಹೃದಯ ದುರ್ಬಲ, ಒಬ್ಬರೇ ಇರೋದು. ನವೆಂಬರ್‌ಗೆ ಮುಂಚೆ ಒಂದೇ ವರ್ಷದಲ್ಲಿ ಮೂವತ್ತೊಂದು ಸಲ ಬಂದಿದ್ದಾರೆ. ನವೆಂಬರಲ್ಲಿ ಮಾರ್ವಾ ಯೋಜನೆ ಬರೆದಳು. ಆಮೇಲೆ ಒಂದೇ ಒಂದು ಸಲ ಬಂದ್ರು. ಅಲ್ಲಿಂದ ಇವತ್ತಿನವರೆಗೆ, ನಾಲ್ಕು ತಿಂಗಳು, ಸೊನ್ನೆ!"

ಎಲ್ಲರೂ ಚಪ್ಪಾಳೆ ತಟ್ಟಿದರು.

"ಬದುಕಿದ್ದಾರಾ ಅಂತ ಯಾರಾದ್ರೂ ನೋಡಿದ್ರಾ?" ಎಂದು ಹಿಂದಿನ ಸಾಲಿನಲ್ಲಿದ್ದ ಗುಮಾಸ್ತೆ ಕೇಳಿದಳು. ತಮಾಷೆಗೆ ಕೇಳಿದ್ದು. ಎಲ್ಲರೂ ನಕ್ಕರು.

"ನೋಡಿದೀನಮ್ಮ, ಬದುಕಿದ್ದಾರೆ," ಎಂದ ಕೀಗನ್. "ಸತ್ತೋರನ್ನ ನಾವು ಲೆಕ್ಕದಿಂದ ತೆಗೆದುಹಾಕ್ತೀವಿ. ಮಾರ್ವಾ, ಮೇ ತಿಂಗಳಲ್ಲಿ ಕೊಲಂಬಸ್‌ನಲ್ಲಿ ಸಮ್ಮೇಳನ ಇದೆ. ಆ ಅಮ್ಮನ ಮನೆಗೆ ಹೋಗಿ ಎರಡು ನಿಮಿಷದ ವಿಡಿಯೊ ಮಾಡ್ಕೊಂಡು ಬಾ. ನನಗೆ ಇದರಿಂದ ಒಳ್ಳೇದಾಯ್ತು ಅಂತ ಅವರ ಬಾಯಲ್ಲೇ ಬರಲಿ."

ಮಾರ್ವಾ ಕೇಕು ತಿಂದಳು. ಆದರೆ ಗುಮಾಸ್ತೆಯ ಮಾತು ಕೇಕಿನ ಜೊತೆ ಗಂಟಲಿನಲ್ಲಿ ಇಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವಳು ಒಪ್ಪಿಗೆಯ ಫಾರಂ, ಲ್ಯಾಪ್‌ಟಾಪು ಹಿಡಿದು ಹೊರಟಳು. ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಹಿಂದಿನ ಬೀದಿ. ಮಾರ್ಚ್ ಮುಗಿಯುತ್ತ ಬಂದಿದ್ದರೂ ಹಿಮ ರಸ್ತೆಯಂಚಿನಲ್ಲಿ ಕಪ್ಪಗೆ ಗುಡ್ಡೆ ಬಿದ್ದಿತ್ತು. ಬಾಗಿಲು ತಟ್ಟಿದಾಗ ಒಳಗಿನಿಂದ "ತೆರೆದಿದೆ, ತಳ್ಳಿ" ಎಂಬ ದನಿ ಬಂತು. ಎರಡು ಪದ ಹೇಳಿ ಆ ದನಿ ಉಸಿರಿಗಾಗಿ ನಿಂತದ್ದನ್ನು ಮಾರ್ವಾ ಹೊಸ್ತಿಲಲ್ಲೇ ಗಮನಿಸಿದಳು.

ಬರ್ನಡೀನ್ ಕಿಟಕಿಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಬೆನ್ನಿಗೆ ನಾಲ್ಕು ದಿಂಬು. ಮೊಣಕಾಲಿನ ತನಕ ಊದಿದ ಕಾಲುಗಳು. ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ ಹಿಡಿಯದೆ ಅದರ ಮೇಲುಬಟ್ಟೆಯನ್ನು ಕತ್ತರಿಯಿಂದ ಸೀಳಿಕೊಂಡಿದ್ದಳು. ನೀಲಿಗಟ್ಟಿದ ತುಟಿ ನೋಡಿದರೆ ಸಾಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಶ್ವಾಸಕೋಶಕ್ಕೆ ನೀರು ಏರಿತ್ತು.

"ಆಸ್ಪತ್ರೆಯಿಂದಾನಾ?" ಮಾರ್ವಾಳ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯನ್ನು ಕಂಡು ಆಕೆ ಕೇಳಿದಳು. "ನಾನೇನೂ... ಬಂದಿಲ್ವಲ್ಲ."

ತಪ್ಪು ಮಾಡಿಲ್ಲ ಎಂದು ಮೇಷ್ಟರಿಗೆ ಹೇಳುವ ಮಕ್ಕಳ ಹಾಗಿತ್ತು ಆ ಮಾತು. ಮಾರ್ವಾಳಿಗೆ ಫಾರಮ್ಮು ಹೊರತೆಗೆಯಲು ನಾಚಿಕೆಯಾಯಿತು. ಅವಳು ಚೀಲದಿಂದ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ ತೆಗೆದಳು. ತೊಂಬತ್ತೈದಾದರೂ ಇರಬೇಕಾದ ಕಡೆ ಎಂಬತ್ತೇಳು ತೋರಿಸಿತು.

"ಮಿಸೆಸ್ ಹ್ರುಷ್ಕಾ, ಎಷ್ಟು ದಿನದಿಂದ ಈ ಕುರ್ಚೀಲೇ ಮಲಗ್ತಿದೀರಿ?"

"ಎಣಿಸಿಲ್ಲ. ಎಣಿಸೋರು ನೀವಲ್ವಾ, ನೀವೇ ಹೇಳಿ."

"ಆಂಬುಲೆನ್ಸ್ ಕರೀತೀನಿ."

"ಕರೀ. ನಾನು ಹತ್ತಲ್ಲ." ಆಕೆ ಉಸಿರು ಎಳೆದುಕೊಂಡಳು. "ಬುದ್ಧಿ ನೆಟ್ಟಗಿರೋಳನ್ನ ಎತ್ತಾಕ್ಕೊಂಡು ಹೋಗೋ ಹಾಗಿಲ್ಲ. ನಂಗೂ ಗೊತ್ತು."

"ಇದು ಹಟ ಮಾಡೋ ವಿಷಯ ಅಲ್ಲ. ಹೀಗೇ ಇದ್ರೆ ಈ ವಾರ ಕಳೆಯೋದು ಕಷ್ಟ."

"ಕಷ್ಟ ಅಂತ ನಂಗೊತ್ತಿಲ್ವಾ? ಉಸಿರು ನಂದು ತಾನೇ ಕಣಮ್ಮ ಸಿಕ್ಕಾಕ್ಕೊಂಡಿರೋದು?" ಬರ್ನಡೀನ್ ಕಿಟಕಿಯ ಕಡೆ ತಿರುಗಿದಳು. "ಸ್ಯಾಂಡ್‌ವಿಚ್ ಆಸೆಗೆ ಬಂದ್ಲು ಅನ್ನಿಸ್ಕೊಳ್ಳೋದಕ್ಕಿಂತ ಇಲ್ಲೇ ಸಾಯ್ತೀನಿ."

ಫೋನು ತೆಗೆಯಲು ಚೀಲಕ್ಕೆ ಹೋಗಿದ್ದ ಮಾರ್ವಾಳ ಕೈ ನಿಂತಿತು.

ಬರ್ನಡೀನ್ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ನವೆಂಬರಿನ ಒಂದು ಭಾನುವಾರ ಸಂಜೆ ಉಸಿರುಕಟ್ಟಿ ಆಸ್ಪತ್ರೆಗೆ ಹೋಗಿದ್ದಳು. ಪರೀಕ್ಷಿಸುತ್ತಿದ್ದ ಡಾಕ್ಟರನ್ನು ಯಾರೋ ಹೊರಗೆ ಕರೆದರು. ಕಂಪ್ಯೂಟರಿನ ಪರದೆ ಆಕೆಯ ಕಡೆಗೇ ತಿರುಗಿತ್ತು. ಹಳದಿ ಪಟ್ಟಿಯಲ್ಲಿ ಆಕೆಯ ಹೆಸರಿತ್ತು.

"ಕನ್ನಡಕ ಹಾಕ್ಕೊಂಡು ಓದ್ದೆ. ಬಾಯಿಪಾಠ ಆಗೋಗಿದೆ. ‘ಒಂಟಿತನದಿಂದ ಬರುತ್ತಾರೆ. ಆಮ್ಲಜನಕ ಸರಿಯಿದ್ದರೆ ಹಾಸಿಗೆ ಕೊಡಬೇಡಿ. ಬಿಸಿ ಕಂಬಳಿ ಕೊಡಬೇಡಿ. ಸ್ಯಾಂಡ್‌ವಿಚ್ ಕೊಡಬೇಡಿ.’" ಆಕೆ ದಿಂಬಿನಿಂದ ಮುಂದಕ್ಕೆ ಸರಿದಳು. "ಇಪ್ಪತ್ತೇಳು ವರ್ಷ ಶಾಲೆ ಅಡಿಗೆಮನೇಲಿ ಬಡಿಸಿದೋಳು ನಾನು. ಮನೇಲಿ ತಿಂದಿಲ್ಲ ಅನ್ನೋದು ಮಗು ಮುಖದಲ್ಲಿ ಕಂಡ್ರೆ ಕೇಳ್ದೇನೇ ಎರಡು ಸೌಟು ಜಾಸ್ತಿ ಹಾಕ್ತಿದ್ದೆ. ನಿಮ್ಮ ಸ್ಯಾಂಡ್‌ವಿಚ್ ನಾನು ಯಾವತ್ತೂ ಕೇಳ್ಲಿಲ್ಲ. ಅವರೇ ಕೊಟ್ರು. ಬೇಡ ಅಂದ್ರೆ ಆ ನರ್ಸ್ ಹುಡುಗೀರಿಗೆ ಬೇಜಾರಾಗುತ್ತೆ ಅಂತ ತಿಂದೆ. ಉಪ್ಪೋ ಉಪ್ಪು! ಹಾರ್ಟ್ ಪೇಷೆಂಟಿಗೆ ಅಂಥದ್ದನ್ನ ಕೊಡ್ತಾರಾ ಯಾರಾದ್ರೂ? ಅದನ್ನ ಬರೆದ ಕೈ ಯಾವುದೋ, ಅದು ಯಾರಿಗೂ ಬಡಿಸಿದ ಕೈಯಲ್ಲ ಬಿಡು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾರ್ವಾಳ ಬೆರಳು ತಾನಾಗಿ ಗುರುತಿನ ಚೀಟಿಯನ್ನು ಮಗುಚಿ ಹೆಸರು ಒಳಗಾಗುವಂತೆ ಮಾಡಿತು.

ಆ ಸಾಲುಗಳನ್ನು ಬರೆದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಕೋಣೆಯಲ್ಲಿ ಅವಳು, ಕೀಗನ್, ಸಮಾಜ ಸೇವಾ ವಿಭಾಗದ ಒಬ್ಬಳು. ಆರು ರೋಗಿಗಳ ಯೋಜನೆಗೆ ಎರಡು ಗಂಟೆ, ಅಂದರೆ ತಲೆಗೆ ಇಪ್ಪತ್ತು ನಿಮಿಷ. ಈಕೆ ಯಾವಾಗಲೂ ಭಾನುವಾರ ಸಂಜೆಯೇ ಬರುತ್ತಾಳೆ ಎಂದು ಕಂಪ್ಯೂಟರು ತೋರಿಸಿತ್ತು. ಚರ್ಚಿನಿಂದ ಖಾಲಿ ಮನೆಗೆ ಬಂದು ಬೇಸರವಾಗಿ ಹೊರಡುತ್ತಾಳೆ ಎಂದು ಮೂವರೂ ಸೇರಿ ತೀರ್ಮಾನಿಸಿದರು. ಬಂದಾಗಲೆಲ್ಲ ಕೊಡುತ್ತಿದ್ದ ಇಂಜೆಕ್ಷನ್ನಿನಿಂದ ಆಕೆಯ ಮೈಯ ನೀರು ಇಳಿಯುತ್ತಿತ್ತು, ಅದರ ಬಲದಲ್ಲೇ ಆಕೆ ವಾರದಿಂದ ವಾರಕ್ಕೆ ದಾಟುತ್ತಿದ್ದಳು ಎಂಬುದನ್ನು ಯಾರೂ ಕೂಡಿಸಿ ನೋಡಲಿಲ್ಲ. ಸ್ಯಾಂಡ್‌ವಿಚ್ಚಿನ ಸಾಲನ್ನು ಸೇರಿಸಿದ್ದು ಮಾರ್ವಾಳೇ. ಆಗ ಅದು ಜಾಣತನ ಎನಿಸಿತ್ತು.

"ನಾನೊಂದು ಮಾತು ಹೇಳ್ಲಾ?" ಅವಳು ಮುಂಗೈಯಿಂದ ಹಣೆ ಒರೆಸಿಕೊಂಡಳು. "ಅಕ್ಟೋಬರಲ್ಲಿ ಒಬ್ಬರು ಬಂದ್ರು, ಲಕ್ವಾ ಹೊಡೆದೋರು. ನಾಲ್ಕು ಗಂಟೆ ಕಾರಿಡಾರಲ್ಲಿ ಸ್ಟ್ರೆಚರ್ ಮೇಲೇ ಬಿದ್ದಿದ್ರು. ಒಂದು ಹಾಸಿಗೆ ಖಾಲಿ ಇರ್ಲಿಲ್ಲ. ಈಗ ಆ ಮನುಷ್ಯಂಗೆ ಹೆಂಡ್ತಿ ಹೆಸರು ಹೇಳೋಕೆ ಬರಲ್ಲ. ನಾನಾಗ ಅಲ್ಲೇ ಇದ್ದೆ. ಹಾಸಿಗೆ ಎಲ್ಲಿಂದ ತರ್ಲಿ ಹೇಳಿ? ಯಾರನ್ನಾದ್ರೂ ಕಡಿಮೆ ಮಾಡ್ಲೇಬೇಕಿತ್ತು."

ಬರ್ನಡೀನ್ ಅವಳ ಕಡೆ ತಿರುಗಿದಳು.

"ಪಾಪ," ಎಂದಳು. "ಅವನ ಹಾಸಿಗೇಲಿ ನಾನಿದ್ನಾ?"

"ಗೊತ್ತಿಲ್ಲ."

"ನಂಗೂ ಅದೇ ಹೆದರಿಕೆ ಕಣಮ್ಮ. ಅಷ್ಟು ಜನ ಹೊರಗೆ ಕೂತಿರ್ತಾರೆ. ನನ್ನ ಹೆಸರು ಕೂಗ್ದಾಗ ತಲೆ ತಗ್ಗಿಸ್ಕೊಂಡು ಒಳಗೆ ಹೋಗ್ತಿದ್ದೆ. ಬರದೇ ಇದ್ರೇನೇ ಎಲ್ಲರಿಗೂ ಕ್ಷೇಮ ಅಂತ ನಿರ್ಧಾರ ಮಾಡ್ಬಿಟ್ಟೆ."

ಇಂಥ ಒಳ್ಳೆಯತನದ ಮೇಲೆ ತಾವು ಸೊನ್ನೆ ಬರೆದು ಕೇಕು ಕತ್ತರಿಸಿದ್ದೆವು ಎಂದು ಮಾರ್ವಾಳಿಗೆ ಅರ್ಥವಾಯಿತು. ಅವಳು ಗುರುತಿನ ಚೀಟಿಯನ್ನು ಮತ್ತೆ ನೆಟ್ಟಗೆ ತಿರುಗಿಸಿದಳು.

"ಅದನ್ನ ಬರೆದ ಕೈ ಇದೇ, ಮಿಸೆಸ್ ಹ್ರುಷ್ಕಾ."

"ನೀನಾ?" ಆಕೆ ಮಾರ್ವಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನ್ನನ್ನ ಕೇಳ್ದೇನೇ?"

"ಕೇಳ್ದೇನೇ."

"ಮೂವತ್ತೊಂದು ಸಲ ನಿಮ್ಮ ಬಾಗಿಲಿಗೇ ಬಂದಿದ್ನಲ್ಲ. ಒಂದ್ ಸಲಾನೂ ಪುರುಸೊತ್ತಾಗ್ಲಿಲ್ವಾ?"

ಮಾರ್ವಾ ಕುರ್ಚಿಯ ಎದುರು ನೆಲದ ಮೇಲೆ ಕುಳಿತಳು. ಸವೆದ ಮಂಡಿ ನೋವಿನಿಂದ ಚುಳುಕ್ಕೆಂದಿತು. ವಿಡಿಯೊ ಒಪ್ಪಿಗೆಯ ಫಾರಮ್ಮನ್ನು ಮಗುಚಿ, ಅದರ ಬಿಳಿ ಬೆನ್ನನ್ನು ಲ್ಯಾಪ್‌ಟಾಪಿನ ಮೇಲಿಟ್ಟುಕೊಂಡು ಪೆನ್ನು ತೆಗೆದಳು.

"ಈಗ ಕೇಳ್ತಿದೀನಿ. ಯಾವಾಗ್ಲೂ ಭಾನುವಾರಾನೇ ಯಾಕೆ?"

ಬರ್ನಡೀನ್ ಕೆನ್ನೆ ಕೆಂಪಾಯಿತು. ಹೇಳಲೋ ಬೇಡವೋ ಎಂದು ಬೆರಳು ಹಿಸುಕಿಕೊಂಡಳು.

"ನಮ್ಮ ಚರ್ಚಿನ ಹಾಲ್ ಗೊತ್ತಲ್ಲ, ಶುಕ್ರವಾರ ಪಿರೋಗಿ ಮಾರ್ತೀವಿ. ಈಗ ತಪಸ್ಸು ಕಾಲ, ಈಸ್ಟರ್ ತನಕ ಶುಕ್ರವಾರ ಮಾಂಸ ಇಲ್ಲ, ಅದಕ್ಕೆ ಮೀನೂ ಇರುತ್ತೆ, ಜನ ಬೀದಿ ತನಕ ನಿಂತಿರ್ತಾರೆ. ಗುರುವಾರ ಹಿಟ್ಟು ನಾದಿ, ಆಲೂಗಡ್ಡೆ ಹೂರಣ ತುಂಬಿ, ಅಂಚು ಒತ್ತಿ ಇಡ್ತೀವಿ. ಶುಕ್ರವಾರ ಬೇಯ್ಸಿ ಮಾರೋದು. ಶನಿವಾರ ತಂಗಿ ಮನೆಗೆ ಎರಡು ಬಸ್ಸು ಬದಲಾಯ್ಸಿ ಹೋಗ್ತೀನಿ. ಭಾನುವಾರ ಪೂಜೆ. ಆ ನೀರು ಇಳಿಸೋ ಮಾತ್ರೆ ಇದೆಯಲ್ಲ, ಅದನ್ನ ಬೆಳಿಗ್ಗೆ ನುಂಗಿದ್ರೆ ಮಧ್ಯಾಹ್ನದ ತನಕ ಹತ್ತು ನಿಮಿಷಕ್ಕೊಂದ್ಸಲ ಓಡ್ಬೇಕು. ಆ ಹಾಲ್‌ನ ಶೌಚಾಲಯ ನೆಲಮಾಳಿಗೇಲಿ. ಹದಿನಾಲ್ಕು ಮೆಟ್ಲು. ಈ ಕಾಲಲ್ಲಿ."

"ಅದಕ್ಕೆ?"

"ಒಂದ್ಸಲ ಮೆಟ್ಲು ತನಕ ಹೋಗೋಕಾಗ್ಲಿಲ್ಲ." ಆಕೆ ಕಣ್ಣು ಮುಚ್ಚಿಕೊಂಡಳು. "ಸಾಲಲ್ಲಿ ನಿಂತಿದ್ದ ಜನರ ಎದುರಿಗೇ. ನಾನು ಬಡಿಸಿ ಬೆಳೆಸಿದ ಮಕ್ಕಳೇ ಅರ್ಧ ಜನ ಅಲ್ಲಿದ್ರು, ತಮ್ಮ ಮಕ್ಕಳನ್ನ ಎತ್ತಿಕೊಂಡು. ಅವತ್ತಿಂದ ಹೊರಗೆ ಹೋಗೋ ದಿನ ಮಾತ್ರೆ ಬಿಡ್ತೀನಿ."

"ಗುರುವಾರದಿಂದ ಭಾನುವಾರದ ತನಕ ನಾಲ್ಕೂ ದಿನಾನಾ?"

"ಹೂಂ. ಭಾನುವಾರ ಸಂಜೆ ಹೊತ್ತಿಗೆ ಉಸಿರು ಸಿಕ್ಕಾಕ್ಕೊಳ್ಳುತ್ತೆ."

"ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?"

"ಮಾತ್ರೆ ತಗೋತೀರಾ ಅಂತಾರೆ, ಹೂಂ ಅಂತೀನಿ. ಸುಳ್ಳೇನಲ್ಲ, ಸೋಮವಾರದಿಂದ ಬುಧವಾರ ತಗೋತೀನಿ. ಇಂಥ ಮಾನ ಹೋಗೋ ವಿಷಯಾನ ನನ್ನ ಮೊಮ್ಮಗನ ವಯಸ್ಸಿನ ಡಾಕ್ಟರ್ ಹತ್ರ ಹೇಳ್ಕೊಳ್ಳೋದಾ?"

ಮಾರ್ವಾ ಬರೆಯುವುದನ್ನು ನಿಲ್ಲಿಸಿದ್ದಳು. "ಹಾಲ್‌ನಿಂದ ಮನೆಗೆ ಎಷ್ಟು ಹೊತ್ತಿಗೆ ಬರ್ತೀರಿ?"

"ಮಧ್ಯಾಹ್ನ ಎರಡು ಗಂಟೆ. ಸಂಜೆ ಬಡಿಸೋಕೆ ಬೇರೆಯವರಿದ್ದಾರೆ."

"ಬಂದ ಮೇಲೆ ನುಂಗಬಹುದಿತ್ತಲ್ಲ."

"ಡಬ್ಬಿ ಮೇಲೆ ‘ಬೆಳಿಗ್ಗೆ’ ಅಂತ ಬರೆದಿದೆ. ಬೆಳಿಗ್ಗೆ ತಪ್ಪಿಸಿದ್ರೆ ಆಮೇಲೆ ತಗೋಬಾರದು ಅಂತ ಅಂದ್ಕೊಂಡಿದ್ದೆ."

"ಹಾಗೇನಿಲ್ಲ. ರಾತ್ರಿ ನಿದ್ದೆ ಕೆಡಬಾರ್ದು ಅಂತ ಬೆಳಿಗ್ಗೆ ಅಂತಾರೆ. ಮಧ್ಯಾಹ್ನ ತಗೊಂಡ್ರೂ ಅದರ ಕೆಲಸ ಅದು ಮಾಡುತ್ತೆ. ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳಿ ಹೊತ್ತು ಬದಲಾಯ್ಸಿದ್ರೆ ಮುಗೀತಿತ್ತು."

"ಅಷ್ಟೇನಾ?" ಬರ್ನಡೀನ್ ಬಾಯಿ ತೆರೆದೇ ಉಳಿಯಿತು.

"ಅಷ್ಟೇ."

ಮೂವತ್ತೊಂದು ಸಂಜೆಗಳು, ಕಾರಿಡಾರಿನಲ್ಲಿ ಕಾದವರು, ಹಳದಿ ಪಟ್ಟಿ, ಈ ಕುರ್ಚಿಯಲ್ಲಿ ಕಳೆದ ನಾಲ್ಕು ತಿಂಗಳ ರಾತ್ರಿಗಳು. ಒಂದು ಪ್ರಶ್ನೆಗೆ ಐದು ನಿಮಿಷ ಸಿಕ್ಕಿದ್ದರೆ ಇವೆಲ್ಲ ಬೇಕಿರಲಿಲ್ಲ. ಮಾರ್ವಾ ಅಳುವ ಹೆಂಗಸಲ್ಲ. ಆದರೂ ಅವಳ ಕಣ್ಣು ತುಂಬಿತು, ಒರೆಸಿಕೊಳ್ಳುವುದನ್ನು ಮರೆಮಾಚಲೂ ಇಲ್ಲ.

"ನೀವು ಬೈರಿ," ಎಂದಳು. "ಆದರೆ ಆಸ್ಪತ್ರೇಲಿ ಕೂತ್ಕೊಂಡು ಬೈರಿ. ದಯವಿಟ್ಟು."

"ಮೊದಲು ಆ ಸಾಲು ಅಳಿಸು. ನನ್ನ ಕಣ್ಣೆದುರಿಗೆ."

ಮಾರ್ವಾ ಲ್ಯಾಪ್‌ಟಾಪು ತೆರೆದು ಹಳದಿ ಪಟ್ಟಿಯನ್ನು ಆಕೆಯ ಕಡೆ ತಿರುಗಿಸಿದಳು. ಒಂದೊಂದೇ ಸಾಲನ್ನು ಅಳಿಸಿದಳು. ಸ್ಯಾಂಡ್‌ವಿಚ್ಚಿನ ಸಾಲು ಹೋದಾಗ ಬರ್ನಡೀನ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು.

"ಈಗ ಏನು ಬರೀಲಿ? ನೀವೇ ಹೇಳಿ."

ಆಕೆ ಯೋಚಿಸಿದಳು. ಉಸಿರು ಕೂಡಿಸಿಕೊಂಡು ಹೇಳಿದಳು: "ಮಾತ್ರೆ ಯಾವ ದಿನ ಬಿಟ್ರಿ ಅಂತ ಕೇಳಿ. ಬಾಗಿಲು ಹಾಕ್ಕೊಂಡು ಕೇಳಿ. ಬೈಯಬೇಡಿ."

ಮಾರ್ವಾ ಹಾಗೆಯೇ ಬರೆದಳು, ಒಂದಕ್ಷರ ತಿದ್ದಲಿಲ್ಲ. ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಿದಳು.

ಬರ್ನಡೀನ್ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಅದರಲ್ಲಿ ನಾಲ್ಕು ದಿನ ಉಳಿಯುತ್ತಾಳೋ ಇಲ್ಲವೋ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಮೈಯಿಂದ ಹದಿನಾಲ್ಕು ಕಿಲೋ ನೀರು ಇಳಿಯಿತು. ಈ ನಾಲ್ಕು ತಿಂಗಳಲ್ಲಿ ಹೃದಯಕ್ಕೆ ಆದ ನಷ್ಟ ಪೂರ್ತಿ ತುಂಬಿಬರುವುದು ಅನುಮಾನ ಎಂದು ಹೃದ್ರೋಗದ ಡಾಕ್ಟರು ಮಾರ್ವಾಳಿಗೆ ಹೇಳಿದರು. ಮಾತ್ರೆಯ ಹೊತ್ತನ್ನು ಬದಲಾಯಿಸಿ ಬರೆದುಕೊಟ್ಟವರೂ ಅವರೇ, ನಿಂತಲ್ಲೇ, ಅರ್ಧ ನಿಮಿಷದಲ್ಲಿ.

ಮುಂದಿನ ಮಂಗಳವಾರ ಮಾರ್ವಾ ನಕ್ಷೆಯಲ್ಲಿ ಸೊನ್ನೆ ತೆಗೆದು ಒಂದು ಎಂದು ಹಾಕಿದಳು. ಸಭೆ ಮುಗಿದ ಮೇಲೆ ಕೀಗನ್ ಅವಳನ್ನು ತಡೆದು ನಿಲ್ಲಿಸಿದ. ಅವನು ಕೆಟ್ಟವನಲ್ಲ. ದಣಿದವನು.

"ನೀನು ಮಾಡಿದ್ದು ತಪ್ಪು ಅಂತಿಲ್ಲ, ಮಾರ್ವಾ. ಆದರೆ ಮೇಲಿನೋರು ಸಂಖ್ಯೆ ಕೇಳ್ತಾರೆ. ಸಂಖ್ಯೆ ಇಳೀದಿದ್ರೆ ಈ ಕೆಲಸಾನೇ ಮುಚ್ತಾರೆ. ಆಮೇಲೆ ಇಂಥೋರ ಮನೆಗೆ ಹೋಗಿ ಕೇಳೋರು ಯಾರು?"

"ತೆರೆದಿದ್ದಾಗ ಯಾರು ಹೋಗಿದ್ರು, ಡಾಕ್ಟ್ರೇ? ನಾನು ಹೋಗಿದ್ದು ವಿಡಿಯೊ ಮಾಡೋಕೆ."

ಪಟ್ಟಿಯಲ್ಲಿ ಇನ್ನೂ ಮೂವತ್ತೆಂಟು ಹೆಸರಿದ್ದವು. ಮಾರ್ವಾ ಎರಡನೆಯ ಹೆಸರಿನ ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡು ಕೋಟು ಹಾಕಿಕೊಂಡಳು. ಒಂದು ಗಳಿಗೆ ಬಿಟ್ಟು ಕೀಗನ್ ತಾನೂ ಕೋಟಿಗೆ ಕೈ ಹಾಕಿ, "ತಡಿ, ನಾನೂ ಬರ್ತೀನಿ. ದಾರಿ ನಿಂಗೊತ್ತಾ?" ಎಂದ.

"ಇಲ್ಲ," ಎಂದಳು ಮಾರ್ವಾ. "ಕೇಳ್ಕೊಂಡು ಹೋಗೋಣ."

ಶುಭ ಶುಕ್ರವಾರ ಮಧ್ಯಾಹ್ನ ಮಾರ್ವಾ ಆ ಚರ್ಚಿನ ಹಾಲಿಗೆ ಹೋದಳು. ಹುರಿದ ಮೀನಿನ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯ ಘಮ ರಸ್ತೆಗೇ ಬರುತ್ತಿತ್ತು. ಅವಳು ಎಲ್ಲರ ಹಾಗೆ ಸಾಲಿನಲ್ಲಿ ನಿಂತಳು.

ಬರ್ನಡೀನ್ ಈಗ ನಿಂತು ಬಡಿಸಲಾರಳು. ಪಾದ್ರಿಗಳು ಉಡುಪು ಬದಲಾಯಿಸುವ ಕೋಣೆಯ ಬಾಗಿಲ ಪಕ್ಕ ಆಕೆಗೊಂದು ಎತ್ತರದ ಸ್ಟೂಲು ಹಾಕಿದ್ದರು. ಆ ಕೋಣೆಯೊಳಗೆ ಮೆಟ್ಟಿಲಿಲ್ಲದ ಶೌಚಾಲಯವೊಂದು ಮೊದಲಿನಿಂದಲೂ ಇತ್ತು, ಬೀಗ ಹಾಕಿಕೊಂಡು. ಗೆಳತಿ ಓಲ್ಗಾ ಹೋಗಿ ಒಂದು ಮಾತು ಕೇಳಿದ್ದಕ್ಕೆ ಪಾದ್ರಿಗಳು ಬೀಗದ ಕೈಯನ್ನೇ ಕೊಟ್ಟುಬಿಟ್ಟಿದ್ದರು. ಅದು ಈಗ ಬರ್ನಡೀನಳ ಕುತ್ತಿಗೆಯಲ್ಲಿ ಕೆಂಪು ದಾರದಲ್ಲಿ ಶಿಲುಬೆಯ ಪಕ್ಕ ತೂಗುತ್ತಿತ್ತು. ಮುಖ ಇಳಿದಿತ್ತು, ನಾಲ್ಕು ಡಬ್ಬಿ ಮುಚ್ಚುವಷ್ಟರಲ್ಲಿ ಕೈ ದಣಿಯುತ್ತಿತ್ತು. ಆದರೂ ಯಾರ ತಟ್ಟೆಗೆ ಕಡಿಮೆ ಬಿತ್ತು ಎಂದು ಸ್ಟೂಲಿನ ಮೇಲಿಂದಲೇ ಕಣ್ಣಿಟ್ಟಿದ್ದಳು.

ಮಾರ್ವಾಳ ಸರದಿ ಬಂದಾಗ ಓಲ್ಗಾ ಡಬ್ಬಿಗೆ ಆರು ಪಿರೋಗಿ ಹಾಕಿದಳು. "ಏಯ್, ತಡಿ," ಎಂದು ಬರ್ನಡೀನ್ ಕೂಗಿ ಡಬ್ಬಿಯನ್ನು ತನ್ನ ಹತ್ತಿರ ತರಿಸಿಕೊಂಡಳು. ಇನ್ನೂ ಎರಡು ಹಾಕಿದಳು. ಮುಚ್ಚಳ ಮುಚ್ಚದೆ ಮಾರ್ವಾಳ ಮುಖವನ್ನೇ ನೋಡಿದಳು.

"ನೋಡ್ಕೊಂಡು ಹೇಳು ತಾಯಿ," ಎಂದಳು. "ನಿಂಗೆ ಕೊಡಬೇಡಿ ಅಂತ ಎಲ್ಲೂ ಬರೆದಿಲ್ಲ ತಾನೇ?"

ಸಾಲಿನಲ್ಲಿದ್ದವರಿಗೆ ಅರ್ಥವಾಗಲಿಲ್ಲ. ಮಾರ್ವಾ ತಲೆ ತಗ್ಗಿಸಿ ಎರಡೂ ಕೈ ಚಾಚಿ ಡಬ್ಬಿ ಇಸಿದುಕೊಂಡಳು. ಪಿರೋಗಿ ಬಿಸಿಯಾಗಿತ್ತು. ಅವಳು ಅಲ್ಲೇ, ಸ್ಟೂಲಿನ ಪಕ್ಕದಲ್ಲೇ ನಿಂತು ತಿಂದಳು.